ಹಾರ್ಡ್ ಅಂದರೆ ಗಟ್ಟಿಯೋ, ಕಷ್ಟವೋ? ಅರ್ಥ ಹಿಡಿಯುವುದು ಹೀಗೆ

‘ಹಾರ್ಡ್’ ಎಲ್ಲರಿಗೂ ಗೊತ್ತಿರುವ ಪದ. ಆದರೆ ದೊಡ್ಡ ನಿಘಂಟು ತೆಗೆದರೆ ಇದೊಂದಕ್ಕೇ ಉದ್ದನೆಯ ಪಟ್ಟಿ ಕಾಣಿಸುತ್ತದೆ. ಅದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅದರ ಎದುರು ಪದ ಯಾವುದು ಅಂತ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಹೆಜ್ಜೆ 1: ಪಕ್ಕದ ಪದ ನೋಡಿ, ಎದುರು ಪದ ಕೇಳಿ

ಹಾರ್ಡ್ ಚೇರ್‌ಗೆ ಎದುರು ಸಾಫ್ಟ್ ಚೇರ್. ಹಾಗಾದರೆ ಇಲ್ಲಿ ಹಾರ್ಡ್ ಅಂದರೆ ಗಟ್ಟಿ. ಹಾರ್ಡ್ ಎಕ್ಸಾಮ್‌ಗೆ ಎದುರು ಈಸಿ, ಅಂದರೆ ಇದು ಕಷ್ಟ. ಹಾರ್ಡ್ ವಿಂಟರ್‌ಗೆ ಎದುರು ಮೈಲ್ಡ್, ಅಂದರೆ ಕೊರೆಯುವ ಚಳಿಗಾಲ. ಹಾರ್ಡ್ ಕಾಪಿ ಕಾಗದದ್ದು, ಸಾಫ್ಟ್ ಕಾಪಿ ಕಂಪ್ಯೂಟರಿನದ್ದು. ಎದುರು ಪದ ಬದಲಾದರೆ ಅರ್ಥವೂ ಬದಲಾಯಿತು ಅಂತಲೇ ತಿಳಿಯಿರಿ.

ಹಾರ್ಡ್ ವಾಟರ್ ಮಾತ್ರ ಸ್ವಲ್ಪ ವಿವರ ಬೇಡುತ್ತದೆ. ನೀರು ಗಟ್ಟಿ ಇರುವುದುಂಟೇ? ಇಲ್ಲ, ಇದು ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಜಾಸ್ತಿ ಕರಗಿರುವ ನೀರು. ಬೋರ್‌ವೆಲ್ ನೀರು ಬಳಸುವವರಿಗೆ ಗೊತ್ತು: ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ, ಗೀಸರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟದಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನದಂಡ. ಇಲ್ಲೂ ಎದುರು ಪದ ಸಾಫ್ಟ್. ಆದರೆ ಕೈಗೆ ಮೆತ್ತಗೆ ಅನ್ನುವ ಸಾಫ್ಟ್ ಅಲ್ಲ, ಸೋಪು ಸಲೀಸಾಗಿ ನೊರೆಯಾಗುವ ಸಾಫ್ಟ್.

ಹೆಜ್ಜೆ 2: ‘ಹಾರ್ಡ್ ಟು’ ಬಂದರೆ ಕಷ್ಟ ಯಾರಿಗೆ ಅಂತ ನೋಡಿ

‘ಹಿ ಈಸ್ ಎ ಹಾರ್ಡ್ ಮ್ಯಾನ್’ ಅಂದರೆ ಆತ ಕಲ್ಲು ಮನಸ್ಸಿನವನು. ‘ಹಿ ಈಸ್ ಹಾರ್ಡ್ ಟು ಪ್ಲೀಸ್’ ಅಂದರೆ ಆತನನ್ನು ಮೆಚ್ಚಿಸುವುದು ಕಷ್ಟ. ಮೊದಲನೆಯದು ಅವನ ಗುಣ, ಎರಡನೆಯದು ನಮ್ಮ ಪಾಡು.

ಹೆಜ್ಜೆ 3: ‘ಹಾರ್ಡ್ಲಿ’ ಬೇರೆಯೇ ಪದ ಅಂತ ಇಟ್ಟುಕೊಳ್ಳಿ

ಇದು ನಿಜಕ್ಕೂ ಮುಖ್ಯ. ಸ್ಲೋ ಸ್ಲೋಲಿ ಆಗುತ್ತದೆ, ಕ್ವಿಕ್ ಕ್ವಿಕ್‌ಲಿ ಆಗುತ್ತದೆ. ಅದೇ ಅಭ್ಯಾಸದಲ್ಲಿ ‘ಐ ವರ್ಕ್ ಹಾರ್ಡ್ಲಿ’ ಅಂದುಬಿಡುತ್ತೇವೆ. ಇಂಟರ್‌ವ್ಯೂನಲ್ಲಿ ಹಾಗಂದರೆ ‘ನಾನು ಕೆಲಸ ಮಾಡುವುದೇ ಅಪರೂಪ’ ಅನ್ನುವ ಅರ್ಥ ಹೋಗುತ್ತದೆ! ಕಷ್ಟಪಟ್ಟು ದುಡಿಯುತ್ತೇನೆ ಅನ್ನಲು ‘ಐ ವರ್ಕ್ ಹಾರ್ಡ್’ ಸಾಕು. ಬಾಲ ಸೇರಿಸುವುದೇ ಬೇಡ.

ಇನ್ನೊಂದು ವಿಷಯ. ‘ನಿಮ್ಮ ಮಾತು ಸರಿಯಾಗಿ ಕೇಳಿಸ್ತಾನೇ ಇಲ್ಲ’ ಅಂತ ಕನ್ನಡದಲ್ಲಿ ‘ಇಲ್ಲ’ ಹಾಕಿ ಹೇಳುತ್ತೇವೆ, ಅಲ್ವಾ? ಆ ಗುಂಗಿನಲ್ಲೇ ಇಂಗ್ಲಿಷಿಗೂ ‘ನಾಟ್’ ನುಸುಳುತ್ತದೆ. ಹಾರ್ಡ್ಲಿಯೊಳಗೇ ಆ ‘ಇಲ್ಲ’ ಇದೆ. ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯೂ’ ಅಂದರೆ ಮುಗಿಯಿತು.

ಹೆಜ್ಜೆ 4: ಎದುರು ಪದ ಹೊಳೆಯದಿದ್ದರೆ ನುಡಿಗಟ್ಟು ಅಂತ ತಿಳಿಯಿರಿ

ಹಾರ್ಡ್ ಆಫ್ ಹಿಯರಿಂಗ್ ಅಂದರೆ ಕಿವಿ ಮಂದ. ಹಾರ್ಡ್ ಅಪ್ ಅಂದರೆ ಕೈ ಖಾಲಿ. ಹಾರ್ಡ್ ಕ್ಯಾಶ್ ಅಂದರೆ ನಗದು. ‘ನೋ ಹಾರ್ಡ್ ಫೀಲಿಂಗ್ಸ್’ ಅನ್ನುವುದಕ್ಕೆ ನಮ್ಮಲ್ಲಿ ಚೆಂದದ ಮಾತೇ ಇದೆ: ‘ಮನಸ್ಸಿನಲ್ಲಿ ಏನೂ ಇಟ್ಕೋಬೇಡಿ’. ಇಂಥವನ್ನು ಬಿಡಿಸಿ ನೋಡಬಾರದು, ಇಡಿಯಾಗಿಯೇ ಕಲಿಯಬೇಕು.

ಹೆಜ್ಜೆ 5: ಕ್ರಿಕೆಟ್ ಕಾಮೆಂಟರಿಯಲ್ಲಿ ಅಭ್ಯಾಸ ಮಾಡಿ

ಬ್ಯಾಟರ್ ‘ಹಾರ್ಡ್ ಹ್ಯಾಂಡ್ಸ್’ನಲ್ಲಿ ಆಡಿದ ಅಂದರೆ ಬ್ಯಾಟನ್ನು ಬಿಗಿಯಾಗಿ ಹಿಡಿದು ಚೆಂಡಿನ ಕಡೆ ನುಗ್ಗಿಸಿದ ಅಂತ. ಅಂಚಿಗೆ ತಾಗಿದ ಚೆಂಡು ವಿಕೆಟ್‌ಕೀಪರ್ ಪಕ್ಕ ನಿಲ್ಲುವ ಸ್ಲಿಪ್ ಫೀಲ್ಡರ್‌ವರೆಗೂ ಹಾರುತ್ತದೆ. ‘ಸಾಫ್ಟ್ ಹ್ಯಾಂಡ್ಸ್’ ಆಗಿದ್ದರೆ ಅದು ಫೀಲ್ಡರ್ ಮುಂದೆಯೇ ಬೀಳುವ ಸಾಧ್ಯತೆ ಜಾಸ್ತಿ. ಎದುರು ಪದ ಸಿಕ್ಕಿತು, ಅರ್ಥವೂ ಸಿಕ್ಕಿತು. ಮುಂದಿನ ಓವರಿನಲ್ಲಿ ಬೌಲರ್ ‘ಹಾರ್ಡ್ ಲೆಂಗ್ತ್’ ಹಾಕಿದ ಅನ್ನುತ್ತಾರೆ. ಸಾಫ್ಟ್ ಲೆಂಗ್ತ್ ಅಂತ ಯಾರೂ ಅನ್ನುವುದಿಲ್ಲ. ಹಾಗಾಗಿ ಇದು ನಾಲ್ಕನೇ ಹೆಜ್ಜೆಯ ಗುಂಪಿಗೆ ಸೇರಿತು: ಗುಡ್ ಲೆಂಗ್ತ್‌ಗಿಂತ (ಮುಂದೆ ಬರಬೇಕೋ ಹಿಂದೆ ಸರಿಯಬೇಕೋ ಅಂತ ಬ್ಯಾಟರ್‌ಗೆ ಗೊಂದಲವಾಗುವ ಜಾಗ) ತುಸು ಹಿಂದೆ, ಬೌಲರ್ ಕಡೆಗೆ ಪಿಚ್ ಆಗಿ, ಬ್ಯಾಟಿನ ಮೇಲ್ಭಾಗಕ್ಕೆ ಬಡಿಯುವ ಚೆಂಡು.