ಎಲ್‌ಎಲ್‌ಬಿ ಆದಮೇಲೆ ನನ್ನ ಕೈ ಹಿಡಿದದ್ದು ಪಹಣಿ, ಇಸಿ

ದಾವಣಗೆರೆಯಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಿದಾಗ ನಮ್ಮ ಬ್ಯಾಚಿನಲ್ಲಿ ಎರಡೇ ಮಾತು. ಜಡ್ಜ್ ಪರೀಕ್ಷೆ ಬರೆಯುವುದು, ಇಲ್ಲವೇ ಬೆಂಗಳೂರಿಗೆ ಹೋಗಿ ಕಂಪನಿ ಸೇರುವುದು. ನಾನು ಎರಡೂ ಮಾಡಲಿಲ್ಲ. ಸಿವಿಲ್ ಕೇಸು ಜಾಸ್ತಿ ಇದ್ದ ಸೀನಿಯರ್ ಒಬ್ಬರ ಆಫೀಸು ಸೇರಿದೆ. ಇವತ್ತು ನನ್ನ ಮನೆ ನಡೆಯುವುದು ಮುಖ್ಯವಾಗಿ ಟೈಟಲ್, ಅಂದರೆ ಆಸ್ತಿಯ ಒಡೆತನ ಸರಿಯಿದೆಯಾ ಅಂತ ನೋಡುವ ಕೆಲಸದಿಂದ. ಬ್ಯಾಂಕು ಸಾಲ ಕೊಡುವ ಮೊದಲು, ಅಥವಾ ಯಾರಾದರೂ ಜಮೀನು ಕೊಳ್ಳುವ ಮೊದಲು, ಕಾಗದಪತ್ರ ಓದಿ ಲೀಗಲ್ ಒಪಿನಿಯನ್ ಬರೆದುಕೊಡುತ್ತೇನೆ.

ಇದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆ ಬಾಯಿಪಾಠ ಇತ್ತು, ಪಹಣಿ ಓದಲು ಬರುತ್ತಿರಲಿಲ್ಲ. ಕಲಿತದ್ದು ಆಫೀಸಿನ ಅಟ್ಟದ ಮೇಲಿದ್ದ, ತೀರ್ಪಾದ ಪಾಲು ದಾವಾಗಳ ಫೈಲುಗಳಿಂದ. ಒಂದೇ ಫೈಲಿನಲ್ಲಿ ವಂಶವೃಕ್ಷ, ಹಳೇ ಕ್ರಯಪತ್ರ, ಮ್ಯುಟೇಶನ್ (ಖಾತೆ ಬದಲಾವಣೆ), ಪಾಟೀ ಸವಾಲು ಎಲ್ಲ ಸಿಗುತ್ತದೆ. ಸೀನಿಯರ್ ಹೇಳುತ್ತಿದ್ದುದು ಇಷ್ಟೇ: "ಮೊದ್ಲು ವಂಶವೃಕ್ಷ ಬರ್ಕೋ, ಆಮೇಲೆ ಕಾನೂನು ನೋಡು." ಸಂಜೆ ಕೂತು ಯಾರಿಂದ ಯಾರಿಗೆ, ಯಾವ ದಾಖಲೆಯಿಂದ, ಯಾವ ದಿನ ಆಸ್ತಿ ಬಂತು ಅಂತ ಒಂದು ಹಾಳೆಯಲ್ಲಿ ಬರೆಯುತ್ತಿದ್ದೆ.

ವಂಶವೃಕ್ಷ ನೋಡಿದ ಕೂಡಲೇ ನಾನು ಕೇಳುವುದು, ಹೆಣ್ಣುಮಕ್ಕಳು ಎಲ್ಲಿ? ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರ ಹೆಸರೇ ಬಿಟ್ಟಿರುತ್ತಾರೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ತಿದ್ದುಪಡಿಯ ನಂತರ, ಅದರಲ್ಲೂ ತಂದೆ ಆಗ ಬದುಕಿರಬೇಕಿಲ್ಲ ಎಂದ 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಹೀಗೆ ಬಿಟ್ಟ ಹೆಸರೇ ಮುಂದೆ ದಾವೆ ಆಗುತ್ತದೆ. ಆದ್ದರಿಂದ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಪತ್ರ ಇದೆಯಾ ಅಂತ ಹುಡುಕುತ್ತೇನೆ; ಅಂಥ ಪಾಲನ್ನು ಆ ತಿದ್ದುಪಡಿ ಮುಟ್ಟುವುದಿಲ್ಲ.

ಇಸಿಯನ್ನು, ಅಂದರೆ ಸಬ್‌ರಿಜಿಸ್ಟ್ರಾರ್ ಆಫೀಸು ಕೊಡುವ ಋಣಭಾರ ಪ್ರಮಾಣಪತ್ರವನ್ನು, ಹೊಸಬರು ಜಾಸ್ತಿ ನಂಬುತ್ತಾರೆ. ನಮೂನೆ 16 ಬಂತು, ವ್ಯವಹಾರ ಏನೂ ಇಲ್ಲ, ಮುಗೀತು ಅಂತ. ಅದರಲ್ಲಿ ಕಾಣುವುದು ನೋಂದಣಿ ಆದದ್ದು ಮಾತ್ರ ಅಲ್ವಾ? ಬಾಯಿಮಾತಿನ ಪಾಲು, ನೋಂದಣಿ ಆಗದ ವಿಲ್, ಸತ್ತವರ ಹೆಸರಿನಿಂದ ವಾರಸುದಾರರಿಗೆ ಆದ ಪೌತಿ ಖಾತೆ ಯಾವುದೂ ಅಲ್ಲಿರುವುದಿಲ್ಲ. ಅದಕ್ಕೆ ಮ್ಯುಟೇಶನ್ ರಿಜಿಸ್ಟರೇ ಬೇಕು. ಇನ್ನು ಜಮೀನು ಸರ್ಕಾರದಿಂದ ಮಂಜೂರಾದದ್ದಾದರೆ ಮೂಲ ಮಂಜೂರಾತಿ ಯಾರ ಹೆಸರಿಗೆ ಅಂತ ನೋಡಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನನ್ನು 1978ರ ಪಿಟಿಸಿಎಲ್ (ಇಂಥ ಜಮೀನಿನ ಪರಭಾರೆ ತಡೆಯುವ) ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಕ್ರಯ ನಿಲ್ಲುವುದಿಲ್ಲ. ವಾಪಸ್ ಕೇಳಲು ಕಾಲಮಿತಿ ಅಡ್ಡಿಯಾಗಬಾರದೆಂದು 2023ರಲ್ಲಿ ತಿದ್ದುಪಡಿಯನ್ನೂ ತಂದರು.

ದುಡ್ಡಿನ ವಿಷಯಕ್ಕೆ ಬಂದರೆ, ಮೊದಲ ವರ್ಷಗಳು ಕಷ್ಟವೇ. ಸೀನಿಯರ್ ಕೊಡುತ್ತಿದ್ದುದು ಬಸ್ಸಿಗೆ, ಊಟಕ್ಕೆ ಸಾಲುತ್ತಿತ್ತು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಹೇಳಿತು. ಅದು ಸಲಹೆ ಮಾತ್ರ, ಕಡ್ಡಾಯವಲ್ಲ. ವಕೀಲರಾಗಿ ನೋಂದಾಯಿಸಿಕೊಳ್ಳುವ ಸನ್ನದಿನ ಶುಲ್ಕ ಮಾತ್ರ ನಿಜಕ್ಕೂ ಇಳಿಯಿತು. ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತ ಹೆಚ್ಚು ತಗೊಳ್ಳಬಾರದು ಅಂತ ಅದೇ ವರ್ಷ ಸುಪ್ರೀಂ ಕೋರ್ಟೇ ಹೇಳಿತು.

ಜಡ್ಜ್ ಆಗಬೇಕು ಅನ್ನುವವರಿಗೂ ಈಗ ಕೋರ್ಟಿನ ದಾರಿ ತಪ್ಪಿದ್ದಲ್ಲ. ಸುಪ್ರೀಂ ಕೋರ್ಟಿನ 2025ರ ಮೇ ತಿಂಗಳ ತೀರ್ಪಿನಲ್ಲಿ ಮೂರು ವರ್ಷದ ಪ್ರಾಕ್ಟೀಸು ಮತ್ತೆ ಕಡ್ಡಾಯವಾಯಿತು. ನಮ್ಮಲ್ಲಿ ಮುಖ್ಯ ಪರೀಕ್ಷೆಗೆ ಅನುವಾದದ ಪತ್ರಿಕೆಯೂ ಇದೆ. ಸಾಕ್ಷಿ ಹೇಳಿಕೆಯನ್ನು ಕನ್ನಡದಿಂದ ಇಂಗ್ಲಿಷಿಗೆ ತರುವ ಅಭ್ಯಾಸ ಟ್ರಯಲ್ ಕೋರ್ಟಿನಲ್ಲಿ ಸುಮ್ನೆ ಕೂತು ಕೇಳಿದರೂ ಬರುತ್ತದೆ.

ಬ್ಯಾಂಕ್ ಪ್ಯಾನೆಲ್, ಅಂದರೆ ಬ್ಯಾಂಕು ಒಪಿನಿಯನ್ ಕೇಳುವ ವಕೀಲರ ಪಟ್ಟಿ, ಅದರ ಬಗ್ಗೆ ತುಂಬಾ ಜನ ಕೇಳುತ್ತಾರೆ. ಸಾಮಾನ್ಯವಾಗಿ ಕೆಲವು ವರ್ಷದ ಪ್ರಾಕ್ಟೀಸು ಇದ್ದವರನ್ನೇ ತಗೊಳ್ಳುತ್ತಾರೆ. ಅಲ್ಲಿವರೆಗೆ ನಾನು ಸೀನಿಯರ್ ಒಪಿನಿಯನ್‌ಗಳ ಕರಡು ಬರೆದೆ, ಕ್ರಯಪತ್ರ ತಯಾರು ಮಾಡಿದೆ, ಬೇರೆ ವಕೀಲರಿಗೆ ಸರ್ಟಿಫೈಡ್ ಕಾಪಿ ತಂದುಕೊಟ್ಟೆ. ಸಬ್‌ರಿಜಿಸ್ಟ್ರಾರ್ ಆಫೀಸಿನವರಿಗೂ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನವರಿಗೂ ನನ್ನ ಮುಖಪರಿಚಯ ಆದದ್ದು ಆ ಓಡಾಟದಲ್ಲೇ. ಮೊದಲ ಸ್ವಂತ ಕಕ್ಷಿದಾರರನ್ನು ಕಳಿಸಿದ್ದೂ ಅಲ್ಲಿನ ಒಬ್ಬ ಪತ್ರ ಬರಹಗಾರರು.