ರಾಜರ ಪೆನ್ನು ಸೋರಿದಾಗ ನಾನು ಬರೆದ ಚಿತ್ರ

2022ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್ ಬ್ರಿಟನ್ನಿನ ರಾಜರಾದರು. ಸೇಂಟ್ ಜೇಮ್ಸ್ ಅರಮನೆಯಲ್ಲಿ ಸಹಿ ಹಾಕುವಾಗ ಮೇಜಿನ ಮೇಲೆ ಅಡ್ಡವಾಗಿದ್ದ ಪೆನ್ನಿನ ಟ್ರೇಯನ್ನು ತೆಗೆಯಿರಿ ಅಂತ ಸಿಡುಕಿ ಕೈಸನ್ನೆ ಮಾಡಿದರು. ಮೂರು ದಿನ ಬಿಟ್ಟು ಉತ್ತರ ಐರ್ಲೆಂಡಿನ ಹಿಲ್ಸ್‌ಬರೋದಲ್ಲಿ ಪೆನ್ನು ಸೋರಿತು, ಕೈಗೆಲ್ಲ ಮಸಿ ಆಯಿತು, ಆಗಲೂ ರೇಗಿದರು. ಎರಡೂ ಕ್ಯಾಮೆರಾಗೆ ಸಿಕ್ಕಿತು. ದಿನಾ ನಿಬ್ಬು ಅದ್ದಿ ವ್ಯಂಗ್ಯಚಿತ್ರ ಬರೆಯುವ ನನ್ನಂಥವನು ಇದನ್ನು ಬಿಡೋದುಂಟಾ?

ಕಿವಿ ದೊಡ್ಡದು ಮಾಡಿದೆ. ಮೂಗು ಎಳೆದೆ. ಬೆರಳು ಊದಿಸಿದೆ. ತೋರಿಸಿದವರೆಲ್ಲ ನಕ್ಕರು, ಅಷ್ಟೇ. ರಾಜ, ಅರಮನೆ, ಅಧಿಕಾರ ಅಂತ ಯಾರೂ ಒಂದು ಮಾತೂ ಆಡಲಿಲ್ಲ. ಅವರಾದರೂ ಏನು ಮಾಡಿಯಾರು, ಕಿವಿ ದೊಡ್ಡದಿರುವುದು ರಾಜಕೀಯ ಅಲ್ಲವಲ್ಲ!

ಆಮೇಲೆ ಇಂಗ್ಲಿಷ್ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ 1792ರಲ್ಲಿ ಮಾಡಿದ ಜೋಡಿ ಚಿತ್ರಗಳನ್ನು ಮತ್ತೆ ನೋಡಿದೆ. (ಅವು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದವು, ಪೆನ್ನಿನವಲ್ಲ, ಇರಲಿ.) ಒಂದರಲ್ಲಿ ಯುವರಾಜ ಹೊಟ್ಟೆ ಬಿರಿಯ ಉಂಡು ಫೋರ್ಕಿನಿಂದ ಹಲ್ಲು ಕೆದಕುತ್ತಿದ್ದಾನೆ, ಹಿಂದೆ ತುಂಬಿದ ಮೂತ್ರದ ಪಾತ್ರೆ, ಅದರ ಕೆಳಗೆ ತೀರಿಸದ ಬಿಲ್ಲುಗಳು. ಇನ್ನೊಂದರಲ್ಲಿ ಅವನಪ್ಪ, ಆಗಿನ ಬ್ರಿಟನ್ನಿನ ರಾಜ ಮೂರನೇ ಜಾರ್ಜ್, ತೇಪೆ ಹಾಕಿದ ಚಡ್ಡಿ ತೊಟ್ಟು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದಾನೆ. ಮಗ ಸಾಲಗಾರ, ಅಪ್ಪ ಜುಗ್ಗ. ಮುಖಗಳನ್ನು ಕೈಯಿಂದ ಮುಚ್ಚಿ ನೋಡಿದೆ. ಬಿಲ್ಲು, ತೇಪೆ ಎರಡೇ ಸಾಕಾಗಿತ್ತು.

ವಿಡಿಯೊ ಮತ್ತೆ ಹಾಕಿದೆ. ಈ ಸಲ ರಾಜರನ್ನು ಬಿಟ್ಟು, ಟ್ರೇ ತೆಗೆಯಲು ಓಡಿ ಬಂದ ಕೈಯನ್ನು ನೋಡಿದೆ. ಅದೇ ವಾರ, ತೀರಿಕೊಂಡ ತಾಯಿ ಎಲಿಜಬೆತ್ ರಾಣಿಯ ಶೋಕಾಚರಣೆ ಇನ್ನೂ ನಡೆಯುತ್ತಿದ್ದಾಗಲೇ, ಚಾರ್ಲ್ಸ್ ಅಲ್ಲಿಯವರೆಗೆ ಇದ್ದ ಮನೆ ಕ್ಲಾರೆನ್ಸ್ ಹೌಸ್‌ನ ಹತ್ತಾರು ಸಿಬ್ಬಂದಿಗೆ ಕೆಲಸ ಹೋಗಬಹುದು ಅಂತ ನೋಟಿಸ್ ಹೋಗಿತ್ತು. ಚಿತ್ರ ಅಲ್ಲೇ ಇತ್ತು, ನಾನು ಸುಮ್ನೆ ಕಿವಿ ಹಿಡಿದುಕೊಂಡು ಕೂತಿದ್ದೆ.

ಹೊಸ ಹಾಳೆ ತೆಗೆದು ರಾಜರನ್ನು ಮೂಲೆಗೆ ಸರಿಸಿದೆ, ಏಳೆಂಟು ಗೆರೆಯಲ್ಲಿ ಮುಗಿಸಿದೆ. ನಡುವೆ, ದೊಡ್ಡದಾಗಿ, ಟ್ರೇ ಹೊತ್ತ ಸಹಾಯಕ. ಅವನ ಜೇಬಿನಿಂದ ನೋಟಿಸಿನ ತುದಿ ಇಣುಕುತ್ತದೆ. ಕೋಟನ್ನು ಒತ್ತೊತ್ತು ಅಡ್ಡಗೆರೆ ಹಾಕಿ ಕಪ್ಪು ಮಾಡಿದೆ, ನೋಟಿಸ್ ಮಾತ್ರ ಬರೀ ಬಿಳಿ ಕಾಗದ. ಕಣ್ಣು ಮೊದಲು ಅಲ್ಲಿಗೇ ಹೋಗಬೇಕು, ಅದಕ್ಕೆ.

ಎಲ್ಲಾ ಮುಗಿಯಿತು ಅನ್ನುವಾಗ ನಿಬ್ಬಿಗೆ ಮಸಿ ಜಾಸ್ತಿಯಾಗಿ ದಪ್ಪ ತೊಟ್ಟೊಂದು ಆ ಬಿಳಿ ನೋಟಿಸಿನ ಮೇಲೇ ಬಿತ್ತು. ನನ್ನ ಬಾಯಿಂದ ಬಂದ ಬೈಗುಳ ರಾಜರದ್ದಕ್ಕಿಂತ ಕಡಿಮೆಯೇನಿರಲಿಲ್ಲ. ಆದರೆ ಕೈಸನ್ನೆ ಮಾಡಿದರೆ ಓಡಿ ಬರುವವರು ಇಲ್ಲಿ ಯಾರೂ ಇಲ್ಲ. ಒಣಗುವವರೆಗೆ ಕಾದು, ಬ್ಲೇಡಿನಿಂದ ಅರ್ಧ ಗಂಟೆ ಮೆಲ್ಲಗೆ ಕೆರೆದೆ.