ಬಂದು ಹೋಗುವ ಎದೆಬಡಿತವನ್ನು ನಾನು ಹಿಡಿಯುವ ಬಗೆ

ಸಕಲೇಶಪುರದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್. ಜ್ವರ, ಕೆಮ್ಮು, ಬಿಪಿ, ಸಕ್ಕರೆ ಕಾಯಿಲೆ, ಮಳೆಗಾಲದಲ್ಲಿ ಜಾರಿ ಬಿದ್ದವರು, ಇದೇ ದಿನದ ಕೆಲಸ. ಇವುಗಳ ಮಧ್ಯೆ ನನಗೆ ಜಾಸ್ತಿ ಹೊತ್ತು ಹಿಡಿಯುವ ದೂರು ಒಂದಿದೆ. “ಡಾಕ್ಟ್ರೇ, ಇದ್ದಕ್ಕಿದ್ದ ಹಾಗೆ ಎದೆ ಡವಡವ ಅಂತದೆ, ಕಣ್ಣು ಕತ್ತಲೆ ಬರ್ತದೆ.” ಹೀಗೆ ಹೇಳುವವರು ನನ್ನೆದುರು ಕೂತಾಗ ಆರಾಮಾಗಿಯೇ ಇರುತ್ತಾರೆ. ನಾಡಿ 78, ಬಿಪಿ ಸರಿ, ಇಸಿಜಿಯೂ ಸರಿ. ತೋಟದಿಂದ ಜೀಪು ಹಿಡಿದು ಪೇಟೆಗೆ ಬರುವಷ್ಟರಲ್ಲಿ ಅದು ಬಂದು ಹೋಗಿರುತ್ತದೆ.

ಮಾಮೂಲಿ ಇಸಿಜಿ ಬರೆದುಕೊಳ್ಳುವುದು ಸುಮಾರು 10 ಸೆಕೆಂಡಿನ ಬಡಿತವನ್ನು. ಆ 10 ಸೆಕೆಂಡ್ ಸರಿಯಿತ್ತು ಅಂದ ಮಾತ್ರಕ್ಕೆ ನಿನ್ನೆ ಸಂಜೆಯೂ ಸರಿಯಿತ್ತು ಅಂತ ಹೇಳೋಕಾಗಲ್ಲ. ಆದರೂ ಒಂದು ಸಲ ತೆಗೆದೇ ತೆಗೆಯುತ್ತೇನೆ. ಹುಟ್ಟಿನಿಂದಲೇ ಹೃದಯದಲ್ಲಿ ವಿದ್ಯುತ್ತಿಗೆ ಒಂದು ಹೆಚ್ಚುವರಿ ದಾರಿ ಇರುವವರ ಇಸಿಜಿಯಲ್ಲಿ, ಆರಾಮಾಗಿದ್ದಾಗಲೂ, ಅದರ ಗುರುತು ಕಾಣಬಹುದು. 1930ರಲ್ಲಿ ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಅದಕ್ಕೆ ಉಳಿದಿದೆ. ಅದು ಕಂಡರೆ ಅರ್ಧ ಕೆಲಸ ಮುಗಿದ ಹಾಗೆ. ಕಾಣದಿದ್ದರೆ ಕತೆ ಕೇಳಬೇಕು.

ಮೊದಲು ಮೇಜು ತೋರಿಸಿ ಕೇಳುತ್ತೇನೆ: “ನಿಮ್ಮ ಎದೆ ಹೇಗೆ ಹೊಡ್ಕೊಳ್ತು, ಬೆರಳಲ್ಲಿ ತಟ್ಟಿ ತೋರಿಸಿ.” ಕೆಲವರು ನಾಚಿಕೊಳ್ಳುತ್ತಾರೆ, ಆಮೇಲೆ ತಟ್ಟುತ್ತಾರೆ. ಒಂದೇ ಸಮನೆ ಟಪಟಪಟಪ ಅಂತ ತಟ್ಟಿದರೆ ಒಂದು ಜಾತಿ. ತಾಳವೇ ಇಲ್ಲದೆ ಹೇಗೆಂದರೆ ಹಾಗೆ ತಟ್ಟಿದರೆ ಇನ್ನೊಂದು. ನಡುವೆ ಒಂದು ಏಟು ತಪ್ಪಿ, ಆಮೇಲೆ ಒಂದು ಜೋರಾಗಿ ಬಿದ್ದರೆ ಮತ್ತೊಂದು. ಈ ಮೂರನೆಯದು ಹೃದಯ ಚೆನ್ನಾಗಿರುವವರಲ್ಲಿ ಸಾಮಾನ್ಯವಾಗಿ ಅಪಾಯದ್ದಲ್ಲ, ಸುಮ್ನೆ ಹೆದರಿಸುತ್ತದೆ ಅಷ್ಟೇ.

ಎರಡನೆಯ ಪ್ರಶ್ನೆ, ಶುರುವಾಗಿದ್ದು ಹೇಗೆ, ನಿಂತಿದ್ದು ಹೇಗೆ? ಹಾನುಬಾಳು ಕಡೆಯ ಒಬ್ಬ ಶಿಕ್ಷಕಿ, ವಯಸ್ಸು ಮೂವತ್ತರ ಮೇಲೆ, ಇದಕ್ಕೆ ಕೊಟ್ಟ ಉತ್ತರ ಇವತ್ತಿಗೂ ನೆನಪಿದೆ. “ಸ್ವಿಚ್ ಹಾಕಿದ ಹಾಗೆ ಬರ್ತದೆ ಡಾಕ್ಟ್ರೇ, ಸ್ವಿಚ್ ಆರಿಸಿದ ಹಾಗೆ ಹೋಗ್ತದೆ.” ಬಗ್ಗಿ ಸೀಮೆಸುಣ್ಣ ಎತ್ತಿಕೊಳ್ಳುವಾಗ ಶುರುವಾಗಿದ್ದೂ ಉಂಟಂತೆ. ಕುತ್ತಿಗೆಯಲ್ಲೂ ಹೊಡೆದುಕೊಳ್ಳುತ್ತದೆ, ನಿಂತ ಮೇಲೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂದರು. ಕೊನೆಯದನ್ನು ಅವರು ಹಿಂದೆ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅದುವರೆಗೆ ಒಬ್ಬರು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟಿದ್ದರು, ಇನ್ನೊಬ್ಬರು ಟೆನ್ಶನ್ ಕಮ್ಮಿ ಮಾಡಿಕೊಳ್ಳಿ ಅಂದಿದ್ದರು.

ಗಾಬರಿಯಿಂದ, ಜ್ವರದಿಂದ, ರಕ್ತ ಕಮ್ಮಿಯಾಗಿ ಏರುವ ಬಡಿತ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಒಂದೇ ಕ್ಷಣಕ್ಕೆ ಶುರುವಾಗಿ ಒಂದೇ ಕ್ಷಣಕ್ಕೆ ನಿಂತರೆ ವಿದ್ಯುತ್ ದಾರಿಯ ತೊಂದರೆ ಇರಬಹುದು. ಇದರಲ್ಲಿ ಹೆಚ್ಚು ಕಾಣುವುದನ್ನು ನಾವು ಎಸ್‌ವಿಟಿ ಅನ್ನುತ್ತೇವೆ, ಅಂದರೆ ಹೃದಯದ ಕೆಳಗಿನ ಕೋಣೆಗಿಂತ ಮೇಲೆ ಹುಟ್ಟುವ ವೇಗದ ಬಡಿತ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಇಳಿಯುವ ಜಾಗದಲ್ಲಿ ಕೆಲವರಿಗೆ ಎರಡು ದಾರಿ ಇರುತ್ತದೆ. ಒಂದರಲ್ಲಿ ಇಳಿದದ್ದು ಇನ್ನೊಂದರಲ್ಲಿ ಹತ್ತಿ ಅಲ್ಲೇ ಸುತ್ತತೊಡಗುತ್ತದೆ. ನಿಮಿಷಕ್ಕೆ 150ರಿಂದ 220ರವರೆಗೂ ಬಡಿತ ಹೋಗುತ್ತದೆ. ಅಷ್ಟು ವೇಗದಲ್ಲಿ ಹೃದಯ ತುಂಬಿಕೊಳ್ಳಲು ಪುರಸೊತ್ತೇ ಸಿಗಲ್ಲ, ಮಿದುಳಿಗೆ ರಕ್ತ ಕಮ್ಮಿಯಾಗಿ ತಲೆ ತಿರುಗುತ್ತದೆ. ಎರಡೂ ಕೋಣೆಗಳು ಒಟ್ಟಿಗೆ ಹಿಂಡುವುದರಿಂದ ಕುತ್ತಿಗೆಯ ರಕ್ತನಾಳ ಬಡಿಯುತ್ತದೆ. ಮೇಲಿನ ಕೋಣೆ ಹಿಗ್ಗಿದಾಗ ಮೂತ್ರ ಹೆಚ್ಚಿಸುವ ಒಂದು ಹಾರ್ಮೋನು ಹೊರಬರುತ್ತದೆ. ಶಿಕ್ಷಕಿ ಹೇಳಿದ ಕತೆ ಇದಕ್ಕೆ ಪೂರ್ತಿ ಹೊಂದುತ್ತಿತ್ತು.

ಆದರೆ ಹೊಂದಿದರೆ ಸಾಲದು, ಇಸಿಜಿಯ ಕಾಗದದ ಪಟ್ಟಿಯಲ್ಲಿ ಸಿಗಬೇಕು. ಅವರಿಗೆ ಹೇಳಿದೆ: “ಮುಂದಿನ ಸಲ ಬಂದಾಗ ನನ್ನ ಹತ್ತಿರ ಬರಬೇಡಿ. ಯಾವುದು ಹತ್ತಿರವೋ ಅಲ್ಲಿಗೆ ಹೋಗಿ, ನಿಲ್ಲೋ ಮೊದಲು ಇಸಿಜಿ ತೆಗೆಸಿ.” ಈಗ ಇದು ಮೊದಲಿನಷ್ಟು ಕಷ್ಟವಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುವ ವ್ಯವಸ್ಥೆ ಇದೆ. ಅದು ಮುಖ್ಯವಾಗಿ ಹೃದಯಾಘಾತಕ್ಕಾಗಿ ಮಾಡಿದ್ದು, ಆದರೆ ಯಂತ್ರ ಇದೆಯಲ್ಲ, ನಮಗೂ ಉಪಯೋಗವೇ.

ಕೆಲವು ವಾರ ಕಳೆದ ಮೇಲೆ ಶಾಲೆಯಲ್ಲೇ ಬಂತು. ಜೊತೆಯ ಮೇಷ್ಟ್ರು ಆಟೋ ಹತ್ತಿಸಿ ನೇರ ಆಸ್ಪತ್ರೆಗೆ ಕರೆದೊಯ್ದರು. ಪಟ್ಟಿಯ ಫೋಟೋ ನನ್ನ ವಾಟ್ಸಾಪ್‌ಗೆ ಬಂತು. 190ರ ಆಸುಪಾಸು, ಸಪೂರ ಗೆರೆಗಳು, ಒಂದೇ ಅಂತರ. ಬಿಪಿ ಬಿದ್ದಿರಲಿಲ್ಲ. ಅಲ್ಲಿನ ಡ್ಯೂಟಿ ಡಾಕ್ಟರ್ 10 ಎಂಎಲ್ ಸಿರಿಂಜ್ ಬಾಯಿಗೆ ಕೊಟ್ಟು, ಒಳಗಿನ ಕಡ್ಡಿ ಅಲುಗುವಷ್ಟು ಜೋರಾಗಿ 15 ಸೆಕೆಂಡ್ ಊದಿಸಿದರು. ಊದಿದ ಕೂಡಲೇ ಅಂಗಾತ ಮಲಗಿಸಿ ಕಾಲೆರಡನ್ನೂ 15 ಸೆಕೆಂಡ್ ಮೇಲೆತ್ತಿ ಹಿಡಿದರು. ಎರಡನೇ ಸಲಕ್ಕೆ ನಿಂತಿತು. ಬ್ರಿಟನ್ನಿನಲ್ಲಿ ಇದನ್ನು ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಸುಮ್ನೆ ಕೂತು ಊದಿದವರಲ್ಲಿ ನೂರಕ್ಕೆ 17 ಜನರಿಗೆ ನಿಂತರೆ, ಹೀಗೆ ಕಾಲೆತ್ತಿದವರಲ್ಲಿ 43 ಜನರಿಗೆ ನಿಂತಿತ್ತು. ಖರ್ಚು ಒಂದು ಸಿರಿಂಜು. ನಿಲ್ಲದಿದ್ದರೆ ಅಡೆನೋಸಿನ್ ಇಂಜೆಕ್ಷನ್ ಇದೆ. ಅದು ರಕ್ತದಲ್ಲಿ ಉಳಿಯುವುದೇ ಕೆಲವು ಸೆಕೆಂಡು, ಆದರೆ ಆ ಹೊತ್ತಿನಲ್ಲಿ ಸತ್ತೇ ಹೋದೆ ಅನ್ನಿಸುತ್ತದಂತೆ. ಕೊಡುವ ಮೊದಲೇ ರೋಗಿಗೆ ಹೇಳಿಬಿಡುವುದು ಒಳ್ಳೆಯದು.

ಆ ಪಟ್ಟಿ ಕೈಯಲ್ಲಿ ಹಿಡಿದು ಶಿಕ್ಷಕಿ ಮೈಸೂರಿಗೆ ಹೋದರು. ತೊಡೆಯ ಸಂದಿನ ರಕ್ತನಾಳದಿಂದ ತಂತಿ ಕಳಿಸಿ, ಆ ಎರಡನೇ ದಾರಿಯನ್ನು ಸುಡುವ ಅಬ್ಲೇಶನ್ ಮಾಡಿಸಿಕೊಂಡರು. ಈ ಬಗೆಯ ಎಸ್‌ವಿಟಿಯಲ್ಲಿ ನೂರಕ್ಕೆ ಸುಮಾರು 95 ಜನರಿಗೆ ಅದು ಕೆಲಸ ಮಾಡುತ್ತದೆ. ತೀರಾ ಕೆಲವರಿಗೆ ಸಹಜ ದಾರಿಗೂ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗಬಹುದು, ಅದನ್ನೂ ಅವರಿಗೆ ಮುಚ್ಚಿಡದೆ ಹೇಳಿದ್ದೆ.

ಇಷ್ಟು ಓದಿ ಎಲ್ಲರೂ ಸಿರಿಂಜ್ ಕೊಳ್ಳಲು ಹೋಗಬೇಡಿ. ಎಸ್‌ವಿಟಿ ಅಂತ ಪಟ್ಟಿಯಲ್ಲಿ ಖಾತ್ರಿಯಾದವರಿಗೆ ಮಾತ್ರ ನಾನು ಮನೆಯಲ್ಲಿ ಊದುವುದನ್ನು ಕಲಿಸುತ್ತೇನೆ. ಕುತ್ತಿಗೆ ಒತ್ತಿಕೊಳ್ಳುವುದಂತೂ ಬೇಡವೇ ಬೇಡ, ವಯಸ್ಸಾದವರಿಗೆ ಅದರಿಂದ ಪಾರ್ಶ್ವವಾಯು ಆಗಬಹುದು.

ತಾಳ ತಪ್ಪಿದ ಬಡಿತ ಬಂದರೆ ದಾರಿಯೇ ಬೇರೆ. ನನ್ನ ಹತ್ತಿರ ಬರುವವರಲ್ಲಿ ಇದು ಹೆಚ್ಚಾಗಿ ಅರವತ್ತು ದಾಟಿದವರದು. ಮೇಲಿನ ಕೋಣೆ ಹಿಂಡುವ ಬದಲು ಬರೀ ನಡುಗುತ್ತಿರುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಭಯ. ಎದೆ ಹೊಡೆದುಕೊಳ್ಳುವುದಕ್ಕಿಂತ ಆ ಹೆಪ್ಪೇ ದೊಡ್ಡ ಚಿಂತೆ. ಹಾಸನಕ್ಕೆ ಕಳಿಸಿ ರಕ್ತ ತೆಳು ಮಾಡುವ ಮಾತ್ರೆ ಬೇಕೋ ಬೇಡವೋ ಅಂತ ತಜ್ಞರಿಂದ ತೀರ್ಮಾನ ಮಾಡಿಸುತ್ತೇನೆ.

ಆದರೆ ನನ್ನ ಬೆಂಚಿನ ಮೇಲೆ ಕೂತವರಲ್ಲಿ ಬಹಳಷ್ಟು ಜನರ ಕಾರಣ ಹೃದಯದ ಒಳಗೇ ಇರುವುದಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಬರುವ ಹೆಂಗಸರನ್ನೇ ನೋಡಿ. ಕೆಳ ರೆಪ್ಪೆ ಎಳೆದು ನೋಡಿದರೆ ಬಿಳಿ. ಹಿಮೋಗ್ಲೋಬಿನ್ 7, 8. ಹೆಂಗಸರಿಗೆ 12 ಇರಬೇಕು. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದೆ, ಊಟದಲ್ಲಿ ಕಬ್ಬಿಣದ ಅಂಶ ಕಮ್ಮಿ, ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ಇದ್ದ ಕಬ್ಬಿಣವೂ ಮೈಗೆ ಹತ್ತಲ್ಲ. ಇದರ ಮೇಲೆ ನೀರೂ ಕುಡಿಯಲ್ಲ. ಯಾಕೆ ಅಂತ ಕೇಳಿದರೆ, “ತೋಟದಲ್ಲಿ ಎಲ್ಲಿಗೆ ಹೋಗೋದು ಡಾಕ್ಟ್ರೇ” ಅನ್ನುತ್ತಾರೆ. ಇದಕ್ಕೆ ನನ್ನ ಚೀಟಿಯಲ್ಲಿ ಮದ್ದಿಲ್ಲ. ಮಾಲೀಕರು ಸಿಕ್ಕಾಗ ತೋಟದಲ್ಲೊಂದು ಶೌಚಾಲಯ ಕಟ್ಟಿಸಿ ಅಂತ ಹೇಳುತ್ತೇನೆ, ಕೆಲವರು ಕಟ್ಟಿಸಿದ್ದಾರೆ.

ಇಂಥವರಿಗೂ, ಬಿಪಿ ಮಾತ್ರೆ ತಿನ್ನುವ ಹಿರಿಯರಿಗೂ ನಾನು ಬಿಡದೆ ಮಾಡುವ ಒಂದು ಪರೀಕ್ಷೆ ಇದೆ. ಐದು ನಿಮಿಷ ಮಲಗಿಸಿ ಬಿಪಿ, ನಾಡಿ ನೋಡುವುದು. ಎದ್ದು ನಿಲ್ಲಿಸಿ ಒಂದನೇ ನಿಮಿಷ, ಮೂರನೇ ನಿಮಿಷ ಮತ್ತೆ ನೋಡುವುದು. ಮೇಲಿನ ಬಿಪಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ತಲೆಸುತ್ತಿನ ಕಾರಣ ಅಲ್ಲೇ ಸಿಕ್ಕಿತು. ಪ್ರಾಸ್ಟೇಟ್ ಮಾತ್ರೆ ತಿಂದು ಮಲಗಿ, ರಾತ್ರಿ ಮೂತ್ರಕ್ಕೆ ಎದ್ದು ಬೀಳುವ ಅಜ್ಜಂದಿರು ಎಷ್ಟೋ ಮಂದಿ. ಕೆಲವು ಹುಡುಗಿಯರಿಗೆ ಬಿಪಿ ಇಳಿಯಲ್ಲ, ಆದರೆ ನಿಂತ 10 ನಿಮಿಷದೊಳಗೆ ನಾಡಿ 30ಕ್ಕಿಂತ ಜಾಸ್ತಿ ಏರುತ್ತದೆ. ಹದಿಹರೆಯದವರಿಗೆ 40 ಏರಿದರೆ ಲೆಕ್ಕ. ಪ್ರಾರ್ಥನೆಗೆ ಸಾಲಲ್ಲಿ ನಿಂತಾಗ ಎದೆ ಹೊಡೆದುಕೊಂಡು ಕುಸಿಯುವ ಮಕ್ಕಳಲ್ಲಿ ಇದನ್ನೂ ನೋಡಬೇಕು. ನೀರು ಕುಡಿದರಾ, ತಿಂಡಿ ತಿಂದರಾ ಅನ್ನೋದು ಅದಕ್ಕೂ ಮೊದಲು.

ಥೈರಾಯ್ಡ್ ಜಾಸ್ತಿಯಾದವರು ಚೆನ್ನಾಗಿ ಉಂಡರೂ ಸೊರಗಿರುತ್ತಾರೆ, ಕೈ ಚಾಚಿಸಿದರೆ ಬೆರಳು ನಡುಗುತ್ತವೆ. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್‌ನಂಥ ಮಾತ್ರೆ ತಿಂದು ಊಟ ತಪ್ಪಿಸಿದವರಿಗೆ ಬೆವರು, ನಡುಕ, ಡವಡವ ಎಲ್ಲ ಒಟ್ಟಿಗೆ ಬರುತ್ತವೆ. ಶುಗರ್ 70ಕ್ಕಿಂತ ಕೆಳಗಿದ್ದರೆ ಎಚ್ಚರವಿರುವಾಗಲೇ ಸಕ್ಕರೆ ಬಾಯಿಗೆ ಹಾಕಿ, ಆಮೇಲೆ ಡಾಕ್ಟರ್. ಉಬ್ಬಸದ ಪಂಪು, ಮೂಗು ಕಟ್ಟಿದ್ದಕ್ಕೆ ಮೆಡಿಕಲ್‌ನಲ್ಲಿ ತಾವೇ ಕೇಳಿ ತಂದ ಮಾತ್ರೆ, ಹೊಗೆಸೊಪ್ಪು, ಇವನ್ನೂ ಕೇಳುತ್ತೇನೆ. ಅಡಿಕೆ ಸೊಕ್ಕಿ ಬೆವತು ಬಂದ ನೆಂಟರನ್ನೂ ನೋಡಿದ್ದೇನೆ. ಕಾಫಿ? ಈ ಊರಲ್ಲಿ ಕಾಫಿ ಬಿಡಿ ಅನ್ನೋಕೆ ಧೈರ್ಯ ಬೇಕು. ಎಲ್ಲರಿಗೂ ಹೇಳಲ್ಲ. ಕುಡಿದ ಮೇಲೆಯೇ ಬರುತ್ತದೆ ಅನ್ನುವವರಿಗೆ ಎರಡು ವಾರ ಬಿಟ್ಟು ನೋಡಿ ಅನ್ನುತ್ತೇನೆ.

ಗಾಬರಿ ರೋಗವೂ ನಿಜವೇ. ಕೆಲವೇ ನಿಮಿಷದಲ್ಲಿ ತುದಿಗೇರುತ್ತದೆ, ಉಸಿರು ಸಾಲಲ್ಲ, ಬಾಯಿ ಸುತ್ತ, ಬೆರಳ ತುದಿ ಜುಮ್ಮೆನ್ನುತ್ತವೆ, ಸಾಯ್ತೇನೆ ಅನ್ನಿಸುತ್ತದೆ. ಅದಕ್ಕೆ ಚಿಕಿತ್ಸೆಯೂ ಇದೆ. ಆದರೆ ಆ ಹೆಸರನ್ನು ನಾನು ಕೊನೆಗೆ ಕೊಡುತ್ತೇನೆ. 190ರಲ್ಲಿ ಎದೆ ಹೊಡೆದುಕೊಂಡರೆ ಯಾರಿಗಾದರೂ ಗಾಬರಿಯಾಗುತ್ತದೆ ಅಲ್ವಾ? ಹೆಂಗಸರಿಗೆ ಈ ಹಣೆಪಟ್ಟಿ ಬೇಗ ಬೀಳುತ್ತದೆ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದಾಗ ಇಡೀ ಜಿಲ್ಲೆಯೇ ಎದೆ ಮುಟ್ಟಿ ನೋಡಿಕೊಳ್ಳುತ್ತಿತ್ತು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಸರ್ಕಾರದ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜ ಏರಿಕೆ ಕಂಡಿಲ್ಲ ಅಂತ ವರದಿ ಕೊಟ್ಟಿತು. ಆ ದಿನಗಳಲ್ಲಿ ನನ್ನ ಹತ್ತಿರ ಬಂದವರಿಗೆ, ಓಡಬೇಕಾದ ಲಕ್ಷಣ ಯಾವುದು ಅಂತ ಬರೆದುಕೊಟ್ಟೆ. ಎದೆಬಡಿತದ ಜೊತೆ ಪ್ರಜ್ಞೆ ತಪ್ಪುವುದು, ಅದರಲ್ಲೂ ಓಡುವಾಗ, ಭಾರ ಹೊರುವಾಗ. ಎದೆನೋವು, ಉಸಿರುಕಟ್ಟು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ದಿಢೀರ್ ತೀರಿಕೊಂಡಿರುವುದು. ಮೊದಲೇ ಹೃದಯದ ತೊಂದರೆ ಇರುವುದು. ಇದರಲ್ಲಿ ಒಂದಿದ್ದರೂ ಕತೆ ಕೇಳುತ್ತಾ ಕೂರುವ ಹಾಗಿಲ್ಲ. ಲಕ್ಷಣ ಇರುವಾಗಲೇ ಆದರೆ 108ಕ್ಕೆ ಫೋನು, ಗಾಡಿ ತಾವೇ ಓಡಿಸಬಾರದು.

ಉಳಿದವರಿಗೆ ನಾಡಿ ಎಣಿಸಲು ಕಲಿಸುತ್ತೇನೆ. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ, ತಾಳ ಇದೆಯೋ ಇಲ್ಲವೋ ಬರೆದಿಡಿ. ಎಣಿಸಲಾಗದಷ್ಟು ವೇಗ ಇದ್ದರೆ ಅದನ್ನೇ ಬರೆಯಿರಿ. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಅದನ್ನು ಬೆರಳಿಗೆ ಹಾಕಿ ಮೊಬೈಲ್‌ನಲ್ಲಿ ವಿಡಿಯೋ ಮಾಡಿದರೆ ನನಗೆ ಬೇಕಾದ್ದು ಮುಕ್ಕಾಲು ಸಿಗುತ್ತದೆ. ದಿನಾ ಎದೆಬಡಿತ ಬರುವವರಿಗೆ 24 ಗಂಟೆಯ ಹೋಲ್ಟರ್, ಅಂದರೆ ಮೈಗೆ ಕಟ್ಟಿಕೊಂಡೇ ಓಡಾಡುವ ಇಸಿಜಿ ಯಂತ್ರ, ಬರೆಯುತ್ತೇನೆ. ಮೂರು ತಿಂಗಳಿಗೊಮ್ಮೆ ಬರುವವರಿಗೆ ಅದು ದುಡ್ಡು ದಂಡ. ಅವರನ್ನು ಬೇರೆಯೇ ಕೇಳುತ್ತೇನೆ: ನಿಮ್ಮ ಮನೆಗೆ ಹತ್ತಿರ ಇಸಿಜಿ ಎಲ್ಲಿದೆ, ರಾತ್ರಿಯೂ ತೆಗೀತಾರಾ, ಕರೆದೊಯ್ಯಲು ಯಾರ ಜೀಪು ಸಿಗುತ್ತದೆ? ಆ ಆಸ್ಪತ್ರೆಯ ಹೆಸರು, ಜೀಪಿನವರ ನಂಬರು ಎರಡನ್ನೂ ಚೀಟಿಯ ಹಿಂದೆ ಅವರ ಕೈಯಲ್ಲೇ ಬರೆಸುತ್ತೇನೆ.